ಅಡಿಕೆ ತೋಟದವರು ಜನಗಣತಿಯಲ್ಲಿ ‘ಇತರೆ’ ಆಗುವುದು ಏಕೆ?

ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ, ಮನೆ ಊಟಕ್ಕೆ ಆಗುವಷ್ಟು ಅರ್ಧ ಎಕರೆ ಗದ್ದೆ, ಎರಡು ಹಸು. 2011ರ ಜನಗಣತಿಯಲ್ಲಿ ನಮ್ಮ ಯಜಮಾನರನ್ನು ‘ಇತರೆ ಕೆಲಸಗಾರ’ ಎಂದೂ ನನ್ನನ್ನು ‘ಮನೆಗೆಲಸ’ ಎಂದೂ ಬರೆದುಕೊಂಡು ಹೋದರು. ನಾಲ್ಕು ತಲೆಮಾರಿನಿಂದ ತೋಟ ಮಾಡುತ್ತಿರುವ ನಾವು ರೈತರಲ್ಲವೇ? ಅಡಿಕೆ ಸುಲಿದು, ಹಾಲು ಕರೆದು, ಕೊಟ್ಟಿಗೆ ಗೊಬ್ಬರ ಹೊತ್ತ ನನ್ನದು ಕೆಲಸವಲ್ಲವೇ? ಈಗ ಮತ್ತೆ ಗಣತಿ ಬರುತ್ತಿದೆ. ಮಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ, ಸುಗ್ಗಿಯಲ್ಲಿ ಅವರೂ ಅಡಿಕೆ ಸುಲಿಯುತ್ತಾರೆ. ಯಾರನ್ನು ಏನೆಂದು ಬರೆಸಬೇಕು? ಇದನ್ನೆಲ್ಲ ಯಾರು, ಹೇಗೆ ವಿಂಗಡಿಸುತ್ತಾರೆ?

ಉತ್ತರ:

ನಿಮ್ಮ ಪತ್ರ ಓದಿದಾಗ ಎರಡು ಸಿಟ್ಟುಗಳು ಒಟ್ಟಿಗೆ ಕಂಡವು. ನಿಮ್ಮ ಯಜಮಾನರನ್ನು ‘ಇತರೆ’ ಎಂದು ಬರೆದದ್ದು ಗಣತಿದಾರರ ತಪ್ಪಲ್ಲ, ಅದು ನಿಯಮ. ನಿಮ್ಮನ್ನು ‘ಮನೆಗೆಲಸ’ ಎಂದಷ್ಟೇ ಬರೆದದ್ದು ನಿಯಮವಲ್ಲ, ತಪ್ಪು. ಗಣತಿದಾರರಿಗೆ ತರಬೇತಿ ಕೊಡುವ ಕೆಲಸವನ್ನು ಹಲವು ವರ್ಷ ಮಾಡಿದವನು ನಾನು. ಈ ಎರಡನ್ನೂ ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದೇ ತಿಳಿದು ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. 2011ರ ನಮೂನೆಯನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ದೂರು ಹುಟ್ಟಿದ್ದು ಅಲ್ಲಿಂದ.

ಮೊದಲು ನಿಮ್ಮ ಯಜಮಾನರ ವಿಷಯ. 2011ರಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರನ್ನೂ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿಸಲಾಯಿತು: ಸಾಗುವಳಿದಾರ, ಕೃಷಿ ಕಾರ್ಮಿಕ, ಗೃಹ ಕೈಗಾರಿಕೆಯವರು, ಇತರೆ ಕೆಲಸಗಾರ. ಸಾಗುವಳಿದಾರ ಎಂದರೆ ಸ್ವಂತ ಭೂಮಿಯಲ್ಲೋ, ಸರ್ಕಾರದಿಂದಲೋ ಖಾಸಗಿಯವರಿಂದಲೋ ಹಣಕ್ಕೆ, ಕಾಳಿಗೆ, ಪಾಲಿಗೆ ಪಡೆದ ಭೂಮಿಯಲ್ಲೋ ಬೇಸಾಯ ಮಾಡುವವರು. ತಾವೇ ನೇಗಿಲು ಹಿಡಿಯಬೇಕೆಂದಿಲ್ಲ. ನಿಂತು ಮಾಡಿಸಿದರೂ, ಉಸ್ತುವಾರಿ ನೋಡಿದರೂ ಸಾಕು. ಭೂಮಿಯನ್ನು ಪೂರ್ತಿ ಬೇರೆಯವರಿಗೆ ಬಿಟ್ಟುಕೊಟ್ಟು, ಅತ್ತ ತಿರುಗಿಯೂ ನೋಡದೆ ಗೇಣಿ ಮಾತ್ರ ಪಡೆಯುವವರು ಸಾಗುವಳಿದಾರರಲ್ಲ. ಇಲ್ಲಿಯವರೆಗೆ ಎಲ್ಲವೂ ನಮ್ಮ ಸಾಮಾನ್ಯ ತಿಳಿವಳಿಕೆಗೆ ಹೊಂದುತ್ತದೆ.

ತೊಡಕು ‘ಬೇಸಾಯ’ ಎಂಬ ಮಾತಿನಲ್ಲಿದೆ. ಭತ್ತ, ಜೋಳ, ರಾಗಿ, ಸಜ್ಜೆ, ಬೇಳೆಕಾಳು, ಕಬ್ಬು, ಹತ್ತಿ, ಶೇಂಗಾ, ಹೊಗೆಸೊಪ್ಪು, ತರಕಾರಿ, ಹಣ್ಣಿನ ತೋಪು, ಔಷಧಿ ಗಿಡಗಳು ಇವೆಲ್ಲ ಬೇಸಾಯದೊಳಗೆ ಬರುತ್ತವೆ. ಆದರೆ ಐದು ಬೆಳೆಗಳನ್ನು ಹೆಸರು ಹಿಡಿದು ಹೊರಗಿಡಲಾಗಿದೆ: ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ. ಇವು ‘ಪ್ಲಾಂಟೇಶನ್’ ಬೆಳೆಗಳು. ಇವುಗಳಲ್ಲಿ ದುಡಿಯುವವರು ಮಾಲೀಕರಾದರೂ ಸರಿ, ಆಳುಗಳಾದರೂ ಸರಿ, ‘ಇತರೆ ಕೆಲಸಗಾರ’ರ ಗುಂಪಿಗೆ ಸೇರುತ್ತಾರೆ. ನಿಮ್ಮ ತೋಟಕ್ಕೆ ಬಂದು ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನೂ, ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣು ಬಿಡಿಸುವ ಹೆಂಗಸೂ ಈ ಲೆಕ್ಕದಲ್ಲಿ ಕೃಷಿ ಕಾರ್ಮಿಕರಲ್ಲ. ಅದೇ ಕೊನೆಗೌಡ ವರ್ಷದ ಹೆಚ್ಚಿನ ದಿನಗಳನ್ನು ಬೇರೆಯವರ ಗದ್ದೆಯ ನಾಟಿ, ಕಟಾವಿನಲ್ಲಿ ಕಳೆದಿದ್ದರೆ ಕೃಷಿ ಕಾರ್ಮಿಕನಾಗುತ್ತಾನೆ.

ಇದು ಎಲ್ಲಿಂದ ಬಂತು? ಚಹಾ, ಕಾಫಿ, ರಬ್ಬರ್ ತೋಟಗಳು ಬ್ರಿಟಿಷರ ಕಾಲದಲ್ಲಿ ಬೆಳೆದದ್ದು ದೊಡ್ಡ ಎಸ್ಟೇಟುಗಳಾಗಿ. ಸಂಬಳದ ಆಳುಗಳು, ಮೇಸ್ತ್ರಿ, ರೈಟರು, ಲೈನ್ ಮನೆಗಳು, ಒಟ್ಟಿನಲ್ಲಿ ಕಾರ್ಖಾನೆಯ ಸ್ವರೂಪ. 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರಿಗೆಂದೇ ಪ್ರತ್ಯೇಕ ಕಾನೂನು ಬಂದದ್ದೂ ಈ ಕಾರಣದಿಂದ. 1961ರ ಜನಗಣತಿ ಒಂಬತ್ತು ಗುಂಪುಗಳನ್ನು ಮಾಡಿದಾಗ ಸಾಗುವಳಿದಾರರು ಒಂದನೆಯದು, ಕೃಷಿ ಕಾರ್ಮಿಕರು ಎರಡನೆಯದು. ಗಣಿ, ಪಶುಪಾಲನೆ, ಅರಣ್ಯ, ಮೀನುಗಾರಿಕೆಯ ಜೊತೆ ಪ್ಲಾಂಟೇಶನ್‌ಗಳು ಮೂರನೆಯ ಗುಂಪಿನಲ್ಲಿ ಕುಳಿತವು. ಆಗ ಅವಕ್ಕೆ ಒಂದು ವಿಳಾಸವಾದರೂ ಇತ್ತು. 2001ರಲ್ಲಿ ಒಂಬತ್ತು ಗುಂಪುಗಳನ್ನು ಕುಗ್ಗಿಸಿ ನಾಲ್ಕು ಮಾಡಿದಾಗ ಮೂರನೆಯದರಿಂದ ಒಂಬತ್ತನೆಯದರವರೆಗೆ ಇದ್ದವುಗಳಲ್ಲಿ ಗೃಹ ಕೈಗಾರಿಕೆ ಒಂದನ್ನು ಬಿಟ್ಟು ಮಿಕ್ಕವೆಲ್ಲ ‘ಇತರೆ’ ಎಂಬ ಒಂದೇ ಕೊಟ್ಟಿಗೆಗೆ ಬಂದವು. ಹೀಗಾಗಿ ನಿಮ್ಮ ಯಜಮಾನರು ಬ್ಯಾಂಕ್ ಮ್ಯಾನೇಜರ್, ಬಸ್ ಕಂಡಕ್ಟರ್, ಶಾಲಾ ಶಿಕ್ಷಕ, ಅರ್ಚಕ ಇವರೆಲ್ಲರ ಸಾಲಿನಲ್ಲಿ ಸೇರಿದರು.

ಇದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಸಾವಿರ ಎಕರೆಯ ಕಾಫಿ ಎಸ್ಟೇಟಿಗೂ ಒಂದೂವರೆ ಎಕರೆಯ ಅಡಿಕೆ ತೋಟಕ್ಕೂ ಬೆಳೆ ಬಹುವಾರ್ಷಿಕ ಎಂಬುದನ್ನು ಬಿಟ್ಟರೆ ಹೋಲಿಕೆಯೇ ಇಲ್ಲ. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಸೀಮೆಗಳ ಅಡಿಕೆ ಬೆಳೆಗಾರ ತಲೆಯಿಂದ ಕಾಲಿನವರೆಗೂ ರೈತ. ಸೊಪ್ಪಿನಬೆಟ್ಟ, ಗೊಬ್ಬರ, ಕೊಳೆರೋಗ, ಮಂಗ, ದರ ಇವು ಅವನ ಚಿಂತೆಗಳು. ತಿಪಟೂರಿನ ತೆಂಗು ಬೆಳೆಗಾರನ ಕಥೆಯೂ ಇದೇ. ಮಾವಿನ ತೋಪು ಇಟ್ಟವರು ಸಾಗುವಳಿದಾರರಾಗಿ ಪಕ್ಕದ ತೆಂಗಿನ ತೋಟದವರು ಇತರೆಯಾಗುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಅಂಕಿಅಂಶ ಹಿಡಿದು ‘ಇಲ್ಲಿ ಬೇಸಾಯಗಾರರೇ ಕಡಿಮೆ’ ಎಂದು ಲೇಖನ ಬರೆಯುವವರು ಈ ಒಂದು ವ್ಯಾಖ್ಯೆಯನ್ನು ಓದಿಕೊಂಡು ಬರೆಯಬೇಕು.

ಇಡೀ ರಾಜ್ಯದ ಲೆಕ್ಕವೂ ಇದರ ಬಣ್ಣ ಹೊತ್ತಿದೆ. 2011ರಲ್ಲಿ ಕರ್ನಾಟಕದ ಸುಮಾರು 2.78 ಕೋಟಿ ಕೆಲಸಗಾರರಲ್ಲಿ ಸಾಗುವಳಿದಾರರು 65.8 ಲಕ್ಷದಷ್ಟು, ಕೃಷಿ ಕಾರ್ಮಿಕರು 71.5 ಲಕ್ಷದಷ್ಟು, ಗೃಹ ಕೈಗಾರಿಕೆಯವರು 9 ಲಕ್ಷದಷ್ಟು. ಉಳಿದ 1.32 ಕೋಟಿ ಜನ ಇತರೆ. ಆ 1.32 ಕೋಟಿಯೊಳಗೆ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾನೆ, ನಿಮ್ಮ ಯಜಮಾನರೂ ಇದ್ದಾರೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ‘ಇತರೆ’ ಎಂದು ಬರೆದ ಕೂಡಲೇ ಗಣತಿದಾರರು ಇನ್ನೂ ಮೂರು ವಿಷಯ ಕೇಳಬೇಕು: ವೃತ್ತಿ ಯಾವುದು, ಆ ಉದ್ಯಮ ಅಥವಾ ವ್ಯಾಪಾರ ಯಾವ ಬಗೆಯದು, ಮಾಡುವವರ ಸ್ಥಾನಮಾನ ಏನು, ಅಂದರೆ ಅವರು ಮಾಲೀಕರೋ, ನೌಕರರೋ, ಒಂಟಿಯಾಗಿ ದುಡಿಯುವವರೋ, ಕುಟುಂಬದ ಕೆಲಸದಲ್ಲಿ ಕೈಜೋಡಿಸುವವರೋ. ಸಾಗುವಳಿದಾರ, ಕೃಷಿ ಕಾರ್ಮಿಕ ಎಂದು ಬರೆಸಿದವರಿಗೆ ಈ ಮೂರು ಪ್ರಶ್ನೆಗಳಿಲ್ಲ. ಗೃಹ ಕೈಗಾರಿಕೆ ಮತ್ತು ಇತರೆಯವರಿಗೆ ಮಾತ್ರ. ಅಂದರೆ ಭತ್ತ ಬೆಳೆಯುವವರು ಒಂದು ಅಂಕಿಯಲ್ಲಿ ಮುಗಿದುಹೋಗುತ್ತಾರೆ. ಅಡಿಕೆ ಬೆಳೆಯುವವರ ಕೆಲಸ ಮಾತಿನಲ್ಲಿ ದಾಖಲಾಗುತ್ತದೆ. ನಿಮ್ಮ ಯಜಮಾನರ ಹೆಸರಿನ ಮುಂದೆ ‘ಅಡಿಕೆ ಬೆಳೆಗಾರ, ಸ್ವಂತ ತೋಟ’ ಎಂದು ಬರೆದಿದ್ದರೆ, ಮುಂದೆ ಕಚೇರಿಯಲ್ಲಿ ಕುಳಿತು ಸಂಕೇತ ಹಾಕುವವರು ಅವರನ್ನು ಕೃಷಿಯ ಮನೆಗೇ ತಂದು ಸೇರಿಸುತ್ತಾರೆ. ‘ತೋಟ’ ಎಂದಷ್ಟೇ ಬರೆದಿದ್ದರೆ ಕೈತೋಟದ ಮಾಲಿಯೋ, ಕೂಲಿಯೋ, ಬೆಳೆಗಾರನೋ ಅವರಿಗೆ ತಿಳಿಯುವುದಿಲ್ಲ.

ಈ ಸಂಕೇತದ ವ್ಯವಸ್ಥೆ ನೋಡಲು ಕಠಿಣ, ಒಳಗೆ ಬಹಳ ಸರಳ. ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯ ಹೊರತರುವ ರಾಷ್ಟ್ರೀಯ ವೃತ್ತಿ ವರ್ಗೀಕರಣ ಇದಕ್ಕೆ ಆಧಾರ. 1958, 1968, 2004, 2015ರಲ್ಲಿ ಅದರ ಆವೃತ್ತಿಗಳು ಬಂದಿವೆ. ಇತ್ತೀಚಿನದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವರ್ಗೀಕರಣವನ್ನು ಅನುಸರಿಸುತ್ತದೆ. ವೃತ್ತಿಗಳನ್ನೆಲ್ಲ ಮೊದಲು ಕೆಲಸದ ಬಗೆ ಮತ್ತು ಅದಕ್ಕೆ ಬೇಕಾದ ಕೌಶಲ ನೋಡಿ ದೊಡ್ಡ ವಿಭಾಗಗಳಾಗಿ ಮಾಡುತ್ತಾರೆ. 1 ಎಂದರೆ ಆಡಳಿತ ನಡೆಸುವವರು, 2 ಎಂದರೆ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರಂಥವರು, 4 ಗುಮಾಸ್ತರು, 5 ಸೇವೆ ಮತ್ತು ಮಾರಾಟ, 7 ಕುಶಲಕರ್ಮಿಗಳು, 8 ಯಂತ್ರ ಮತ್ತು ವಾಹನ ನಡೆಸುವವರು, 9 ಸರಳ ದೈಹಿಕ ಕೆಲಸದವರು. 6 ನಿಮ್ಮದು, ಅಂದರೆ ಕುಶಲ ಕೃಷಿಕರದು. ಒಳಗೆ ಹೋದಂತೆ ಅಂಕಿ ಉದ್ದವಾಗುತ್ತದೆ. 61 ಎಂದರೆ ಮಾರುಕಟ್ಟೆಗಾಗಿ ಬೆಳೆಯುವವರು, 611 ಎಂದರೆ ಬೆಳೆ ಬೆಳೆಯುವವರು, 6112 ಎಂದರೆ ಮರ ಮತ್ತು ಪೊದೆ ಬೆಳೆ ಬೆಳೆಯುವವರು. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲಿ ಇದು ಎಂಟು ಅಂಕಿಗಳವರೆಗೆ ಬೆಳೆಯುತ್ತದೆ. ಗಣತಿದಾರರ ಮಟ್ಟದಲ್ಲಿ ನಿಮ್ಮನ್ನು ಕೃಷಿಯಿಂದ ಹೊರಗಿಟ್ಟ ವ್ಯವಸ್ಥೆಯೇ ಇಲ್ಲಿ ನಿಮ್ಮನ್ನು ‘ಕುಶಲ ಕೃಷಿಕ’ ಎಂದು ಕರೆಯುತ್ತದೆ.

ವೃತ್ತಿ ಬೇರೆ, ಉದ್ಯಮ ಬೇರೆ ಎಂಬುದನ್ನು ಗಣತಿದಾರರಿಗೆ ಮನದಟ್ಟು ಮಾಡಲು ನಾನು ಪಟ್ಟ ಪಾಡು ಇನ್ನೂ ನೆನಪಿದೆ. ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನ ವೃತ್ತಿ ಗುಮಾಸ್ತಿಕೆ, ಉದ್ಯಮ ಸಕ್ಕರೆ ತಯಾರಿಕೆ. ಹಾಲಿನ ಡೇರಿಯ ಲಾರಿ ಓಡಿಸುವವನ ವೃತ್ತಿ ಲಾರಿ ಚಾಲನೆ, ಉದ್ಯಮ ಹೈನು. ಒಂದು ಪ್ರಶ್ನೆ ‘ನಿನ್ನ ಕೈ ಏನು ಮಾಡುತ್ತದೆ’ ಎಂದು ಕೇಳುತ್ತದೆ, ಇನ್ನೊಂದು ‘ನೀನಿರುವ ಜಾಗದಿಂದ ಏನು ಹೊರಬರುತ್ತದೆ’ ಎಂದು. ಇವೆರಡನ್ನು ಕಲಸಿ ‘ಶುಗರ್ ಫ್ಯಾಕ್ಟರಿ’ ಎಂದು ಎರಡೂ ಕಡೆ ಬರೆದ ನಮೂನೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಕನ್ನಡದ ಮಾತುಗಳೂ ಇಲ್ಲಿ ನಮ್ಮ ಕೈ ಕಟ್ಟುತ್ತವೆ. ‘ಆಚಾರಿ ಕೆಲಸ’ ಎಂದರೆ ಊರಿನವರಿಗೆಲ್ಲ ಗೊತ್ತು, ಆದರೆ ಆ ಆಚಾರಿ ಮರದವನೋ, ಕಬ್ಬಿಣದವನೋ, ಚಿನ್ನದವನೋ? ಬಡಗಿ 7115, ಕಮ್ಮಾರ 7221, ಅಕ್ಕಸಾಲಿ 7313. ಒಂದೇ ಮಾತು ಮೂರು ಕಡೆ ಹೋಗುತ್ತದೆ. ‘ಮಾಸ್ತರಿಕೆ’ ಎಂದರೆ ಪ್ರಾಥಮಿಕ ಶಾಲೆಯದೋ, ಪ್ರೌಢಶಾಲೆಯದೋ, ಕಾಲೇಜಿನದೋ? ‘ಡ್ರೈವರ್’ ಎಂದರೆ ಕಾರೋ, ಬಸ್ಸೋ, ಲಾರಿಯೋ? ‘ಕೂಲಿ’, ‘ವ್ಯಾಪಾರ’, ‘ನೌಕರಿ’, ‘ಕಂಪನಿ ಕೆಲಸ’ ಈ ನಾಲ್ಕು ಮಾತುಗಳು ಗಣತಿದಾರರ ಶತ್ರುಗಳು. ಕಟ್ಟಡದ ಕೂಲಿ, ಮಂಡಿಯ ಹಮಾಲಿ, ಹೊಲದ ಕೂಲಿ ಮೂವರೂ ಬೇರೆ ಬೇರೆ ಸಂಕೇತದವರು.

ಇನ್ನೊಂದು ಹಳೆಯ ತೊಡಕು ಜಾತಿಯದು. ಕುಂಬಾರ, ಕಮ್ಮಾರ, ನೇಕಾರ, ಮಡಿವಾಳ, ಬೆಸ್ತ ಎಂದರೆ ಅದು ಕಸುಬೋ, ಕುಲವೋ? ವಸಾಹತು ಕಾಲದ ಗಣತಿಗಳು ಇದರಲ್ಲಿ ಬಹಳ ತಡವರಿಸಿದವು. ಇಡೀ ದೇಶದಲ್ಲಿ ಒಂದೇ ಕಾಲಕ್ಕೆ ನಡೆದ ಮೊದಲ ಗಣತಿಯಾದ 1881ರಲ್ಲಿ ಇಂಗ್ಲೆಂಡಿನ ಪಟ್ಟಿಯನ್ನೇ ನಮಗೆ ತೊಡಿಸಿದ್ದರು. ಅದು ಹೊಂದದೆ 1891ರಲ್ಲಿ ಹೊಸ ಪಟ್ಟಿ ಬಂತು. ಆ ಗಣತಿಯ ಮುಖ್ಯಸ್ಥ ಬೇನ್ಸ್ ಜಾತಿಗಳನ್ನೇ ಅವುಗಳ ಸಾಂಪ್ರದಾಯಿಕ ಕಸುಬಿನ ಮೇಲೆ ಗುಂಪು ಮಾಡಿದರು. 1901ರ ಹೊತ್ತಿಗೆ ವೃತ್ತಿಗಳ ಗುಂಪು 520ಕ್ಕೆ ಏರಿತು. 1911ರಲ್ಲಿ ಆಗಿನ ಗಣತಿಯ ಮುಖ್ಯಸ್ಥ ಗೇಟ್ ಅವರು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಬರ್ಟಿಯೋನ್ ರೂಪಿಸಿದ ಪದ್ಧತಿ ಹಿಡಿದು ಅದನ್ನು 169ಕ್ಕೆ ಇಳಿಸಿದರು. ಗುಂಪು ಎಷ್ಟೇ ಇರಲಿ, ‘ಕುಂಬಾರ’ ಎಂದು ಬರೆದವನು ಮಡಕೆ ಮಾಡುತ್ತಾನೋ, ಪಟ್ಟಣದಲ್ಲಿ ಗುಮಾಸ್ತನಾಗಿದ್ದಾನೋ ಎಂಬ ಅನುಮಾನ ಮಾತ್ರ ಉಳಿದೇ ಇತ್ತು. ಬರುವ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳುವುದರಿಂದ ಈ ಎಚ್ಚರ ಈಗ ಮತ್ತೆ ಬೇಕು. ಜಾತಿಯ ಕಾಲಂನಲ್ಲಿ ನಾಮಪದ ಹೇಳಿ, ವೃತ್ತಿಯ ಕಾಲಂನಲ್ಲಿ ಕ್ರಿಯಾಪದ ಹೇಳಿ: ‘ಮಡಕೆ ಮಾಡುತ್ತೇನೆ’, ‘ಬಟ್ಟೆ ಇಸ್ತ್ರಿ ಮಾಡುತ್ತೇನೆ’, ‘ಮೀನು ಹಿಡಿಯುತ್ತೇನೆ’.

ಗೃಹ ಕೈಗಾರಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಕುಟುಂಬದವರೇ ಹೆಚ್ಚಾಗಿ ದುಡಿಯುವ, ಕಾರ್ಖಾನೆ ಕಾಯ್ದೆಯಡಿ ನೋಂದಣಿಗೆ ಬರುವಷ್ಟು ದೊಡ್ಡದಲ್ಲದ, ಏನನ್ನಾದರೂ ತಯಾರಿಸುವ ಅಥವಾ ದುರಸ್ತಿ ಮಾಡುವ ಕೆಲಸ ಅದು. ಹಳ್ಳಿಯಲ್ಲಾದರೆ ಊರೊಳಗೆ ಎಲ್ಲಿದ್ದರೂ ನಡೆಯುತ್ತದೆ, ಪಟ್ಟಣದಲ್ಲಾದರೆ ಮನೆಯ ಆವರಣದಲ್ಲೇ ಇರಬೇಕು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು, ಚಾಪೆ ಹೆಣೆಯುವವರು, ಕೈಮಗ್ಗದವರು ಇಲ್ಲಿಗೆ ಬರುತ್ತಾರೆ. ವಕೀಲರು, ವೈದ್ಯರು, ಜ್ಯೋತಿಷಿಗಳು, ಕ್ಷೌರಿಕರು ಮನೆಯಲ್ಲೇ ಕಸುಬು ನಡೆಸಿದರೂ ಬರುವುದಿಲ್ಲ. ಕೊಂಡು ಮಾರುವುದಷ್ಟೇ ಇದ್ದರೆ ಅದೂ ಅಲ್ಲ.

ಈಗ ನಿಮ್ಮ ವಿಷಯ. ನನಗೆ ನಿಜವಾಗಿ ನೋವಾದದ್ದು ಇಲ್ಲಿ.

ಜನಗಣತಿಯ ಪ್ರಕಾರ ‘ಕೆಲಸ’ ಎಂದರೆ ಆರ್ಥಿಕವಾಗಿ ಉತ್ಪಾದಕವಾದ ಯಾವುದೇ ಚಟುವಟಿಕೆ. ಸಂಬಳ ಬರಲಿ, ಬಾರದಿರಲಿ. ಕುಟುಂಬದ ತೋಟದಲ್ಲಿ, ಕುಟುಂಬದ ಉದ್ಯಮದಲ್ಲಿ ಪುಕ್ಕಟೆಯಾಗಿ ದುಡಿದದ್ದೂ ಕೆಲಸವೇ. ಮನೆ ಬಳಕೆಗೆ ಮಾತ್ರ ಭತ್ತ ಬೆಳೆದದ್ದೂ ಕೆಲಸವೇ. ಮನೆ ಬಳಕೆಗೆ ಮಾತ್ರ ಹಾಲು ಉತ್ಪಾದಿಸಿದರೂ ಅದು ಕೆಲಸವೇ. ಇದು ನನ್ನ ಉದಾರ ವ್ಯಾಖ್ಯಾನವಲ್ಲ, ಗಣತಿಯ ಸ್ವಂತ ವ್ಯಾಖ್ಯೆ. ಅಳತೆಯ ಅವಧಿ ಗಣತಿಗೆ ಹಿಂದಿನ ಒಂದು ವರ್ಷ. ಆ ವರ್ಷದಲ್ಲಿ ಎಲ್ಲ ಬಗೆಯ ಕೆಲಸಗಳನ್ನೂ ಕೂಡಿಸಿ ಆರು ತಿಂಗಳು ಅಥವಾ ಹೆಚ್ಚು ಆದರೆ ‘ಮುಖ್ಯ ಕೆಲಸಗಾರ’. ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರ. 2011ರಲ್ಲಿ ಇವರನ್ನು ಮೂರು ತಿಂಗಳಿಂದ ಆರು ತಿಂಗಳವರೆಗೆ ದುಡಿದವರು, ಮೂರು ತಿಂಗಳಿಗಿಂತ ಕಡಿಮೆ ದುಡಿದವರು ಎಂದು ಎರಡಾಗಿ ಬೇರ್ಪಡಿಸಿದರು. ಒಂದು ದಿನವೂ ಇಂಥ ಕೆಲಸ ಮಾಡದವರು ಮಾತ್ರ ‘ಕೆಲಸಗಾರರಲ್ಲದವರು’.

ನಿಮಗೆ ಎರಡು ಹಸುಗಳಿವೆ. ಹಸು ಭಾನುವಾರ ರಜೆ ಕೊಡುವುದಿಲ್ಲ. ವರ್ಷದ ಎಲ್ಲ ದಿನವೂ ಹುಲ್ಲು, ನೀರು, ಕೊಟ್ಟಿಗೆ, ಕರೆಯುವುದು. ಇದೊಂದರಿಂದಲೇ ನೀವು ಮುಖ್ಯ ಕೆಲಸಗಾರ್ತಿ. ಮೇಲೆ ಮಳೆಗಾಲದಲ್ಲಿ ಕೊಳೆಔಷಧಕ್ಕೆ ಮೈಲುತುತ್ತ, ಸುಣ್ಣ ಕಲಸಿ ಕೊಡುವುದು, ಗದ್ದೆಯ ನಾಟಿ, ದೀಪಾವಳಿ ಕಳೆದ ಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆರಿಸುವುದು. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಸಮಯ ಹೋಯಿತೋ ಅದು ನಿಮ್ಮ ಗುಂಪನ್ನು ನಿರ್ಧರಿಸುತ್ತದೆ. ಯಾವುದರಿಂದ ಹೆಚ್ಚು ಹಣ ಬಂತು ಎಂಬುದಲ್ಲ. ತೋಟ ಮತ್ತು ಹಸುವಿಗೆ ಹೆಚ್ಚಿನ ಸಮಯ ಹೋಗಿದ್ದರೆ ನೀವೂ ‘ಇತರೆ ಕೆಲಸಗಾರ್ತಿ’, ಸ್ಥಾನಮಾನದ ಕಾಲಂನಲ್ಲಿ ‘ಕುಟುಂಬ ಕೆಲಸಗಾರ್ತಿ’. ಗದ್ದೆಯೇ ಹೆಚ್ಚಾಗಿದ್ದರೆ ನೀವು ‘ಸಾಗುವಳಿದಾರರು’. ಯಜಮಾನರು ಇತರೆ, ನೀವು ಸಾಗುವಳಿದಾರರು ಎಂದು ಬರೆದರೂ ಅದರಲ್ಲಿ ತಪ್ಪಿಲ್ಲ. ‘ಮನೆಗೆಲಸ’ ಎಂದು ಮಾತ್ರ ಬರೆದದ್ದು ಯಾವ ರೀತಿಯಲ್ಲಿ ನೋಡಿದರೂ ತಪ್ಪು.

ತೋಟದ ಆಳುಗಳಿಗೆ ನೀವು ಮಾಡುವ ಅಡುಗೆ? ಮನೆಯವರಿಗೆ ಮಾಡುವ ಅಡುಗೆ, ಮಕ್ಕಳ ಪಾಲನೆ, ಮುದುಕರ ಆರೈಕೆ ಇವನ್ನು ಗಣತಿ ಆರ್ಥಿಕ ಚಟುವಟಿಕೆ ಎನ್ನುವುದಿಲ್ಲ. ಆದರೆ ಊಟ ಕೂಲಿಯ ಭಾಗವಾಗಿರುವ ಕಡೆ, ಹತ್ತು ಆಳುಗಳಿಗೆ ಎರಡು ಹೊತ್ತು ಬೇಯಿಸುವುದು ತೋಟದ ಖರ್ಚನ್ನು ಹೊರುವ ಕೆಲಸ. ಅದನ್ನು ತೋಟದ ಕೆಲಸದ ಜೊತೆಗೇ ಎಣಿಸಬೇಕೆಂದು ನಾನು ನಂಬುತ್ತೇನೆ, ತರಬೇತಿಯಲ್ಲೂ ಹಾಗೆಯೇ ಹೇಳುತ್ತಿದ್ದೆ.

ಹೆಂಗಸರ ಕೆಲಸ ಕಾಗದದಿಂದ ಮಾಯವಾಗುವುದು ಹೊಸದಲ್ಲ. 1961ರಲ್ಲಿ ದೇಶದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 28 ಮಂದಿ ಕೆಲಸಗಾರರೆಂದು ದಾಖಲಾಗಿದ್ದರು. 1971ರಲ್ಲಿ ಅದು ಅರ್ಧಕ್ಕಿಂತಲೂ ಕೆಳಗೆ, 12ರ ಆಸುಪಾಸಿಗೆ ಇಳಿಯಿತು. ಹತ್ತು ವರ್ಷದಲ್ಲಿ ಹೆಂಗಸರೇನು ದುಡಿಮೆ ಬಿಟ್ಟು ಕುಳಿತರೇ? ಇಲ್ಲ. ಪ್ರಶ್ನೆ ಬದಲಾಗಿತ್ತು. 1961ರಲ್ಲಿ ಋತುಮಾನದ ಕೆಲಸದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಿಯಮಿತವಾಗಿ ದುಡಿದರೂ ಕೆಲಸಗಾರರೇ. 1971ರಲ್ಲಿ ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು’ ಎಂದು ಮೊದಲು ಕೇಳಿದರು. ಮನೆ ಮತ್ತು ಹೊಲ ಎರಡನ್ನೂ ಹೊತ್ತ ಹೆಂಗಸು ‘ಮನೆ’ ಎಂದಳು, ಅಥವಾ ಅವಳ ಪರವಾಗಿ ಗಂಡ ಹಾಗೆಂದ, ಲೆಕ್ಕ ಅಲ್ಲಿಗೇ ಮುಗಿಯಿತು. ಆ ಪಾಠ ಕಲಿತು 1981ರಲ್ಲಿ ಮುಖ್ಯ, ಅಲ್ಪಾವಧಿ ಎಂಬ ಭೇದ ತಂದರು. 1991ರಲ್ಲಿ ಪ್ರಶ್ನೆಯೊಳಗೇ ‘ಹೊಲದಲ್ಲಿ ಅಥವಾ ಕುಟುಂಬದ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿ’ ಎಂಬ ಮಾತು ಸೇರಿಸಿದರು. ಗಣತಿದಾರರಿಗೆ ಇದಕ್ಕಾಗಿಯೇ ತರಬೇತಿ, ಭಿತ್ತಿಚಿತ್ರಗಳು ಬಂದವು.

ನ್ಯಾಯಾಲಯದವರೆಗೂ ಈ ಮಾತು ಹೋಗಿದೆ. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ ಕೆಲಸಗಾರರಲ್ಲದವರ ಸಾಲಿನಲ್ಲಿ ಇಟ್ಟದ್ದನ್ನು ಕಟುವಾಗಿ ಟೀಕಿಸಿತು. 2021ರ ಜನವರಿಯ ಇನ್ನೊಂದು ತೀರ್ಪಿನಲ್ಲಿ 2011ರ ಅಂಕಿಗಳನ್ನೇ ಎತ್ತಿ ಹೇಳಿತು. ಮನೆಗೆಲಸವೇ ತಮ್ಮ ಮುಖ್ಯ ಉದ್ಯೋಗ ಎಂದ ಮಹಿಳೆಯರು ಸುಮಾರು 16 ಕೋಟಿ, ಪುರುಷರು ಸುಮಾರು 58 ಲಕ್ಷ. ಮನೆಗೆಲಸ ಎಷ್ಟು ದೊಡ್ಡ ದುಡಿಮೆ ಎಂಬುದನ್ನು ಗಣತಿ ಅಳೆಯುವುದಿಲ್ಲ, ಅದನ್ನು ಅಳೆದದ್ದು 2019ರ ಸಮಯ ಬಳಕೆ ಸಮೀಕ್ಷೆ. ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಕಳೆಯುತ್ತಾರೆ ಎಂದು ಅದು ತೋರಿಸಿತು. ನಿಮ್ಮ ಹಸು, ಅಡಿಕೆ, ಗದ್ದೆಗಳು ಈ 299ರಲ್ಲಿ ಬರುವುದಿಲ್ಲ, ಅವು ಇದರ ಮೇಲಿನ ಲೆಕ್ಕ.

ತಪ್ಪಿಗೆ ಗಣತಿದಾರರನ್ನಷ್ಟೇ ದೂರಲಾರೆ. ಅವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು, ಪಾಠದ ನಡುವೆ ಈ ಹೊರೆ ಹೊತ್ತವರು. ಬಾಗಿಲಲ್ಲಿ ನಿಂತು ‘ಅಮ್ಮನವರು ಏನು ಮಾಡುತ್ತಾರೆ?’ ಎಂದು ಕೇಳಿದಾಗ ಬರುವ ಉತ್ತರ ಒಂದೇ: ‘ಏನೂ ಇಲ್ಲ, ಮನೆಯಲ್ಲೇ.’ ಅದಕ್ಕಾಗಿ ನಾನು ತರಬೇತಿಯಲ್ಲಿ ಆ ಪ್ರಶ್ನೆಯನ್ನೇ ಬಿಡಿಸುತ್ತಿದ್ದೆ. ವರ್ಷವನ್ನು ಹಬ್ಬಗಳ ಮೇಲೆ ಕೇಳಿ ಎನ್ನುತ್ತಿದ್ದೆ. ಯುಗಾದಿಯಿಂದ ಮಳೆ ಬೀಳುವವರೆಗೆ ಏನೇನು ಮಾಡಿದಿರಿ? ಮಳೆ ಬಿದ್ದ ಮೇಲೆ ಚೌತಿಯವರೆಗೆ? ದೀಪಾವಳಿಯಿಂದ ಶಿವರಾತ್ರಿಯವರೆಗೆ? ಹೀಗೆ ಕೇಳಿದ ಕಡೆ ‘ಏನೂ ಇಲ್ಲ’ ಎಂದಿದ್ದ ಬಾಯಿಂದಲೇ ಎಂಟು, ಒಂಬತ್ತು ತಿಂಗಳ ಕೆಲಸ ಹೊರಬಂದದ್ದನ್ನು ಕಂಡಿದ್ದೇನೆ. ನಿಮ್ಮ ಮನೆಗೆ ಬರುವವರು ಹೀಗೆ ಕೇಳದಿದ್ದರೆ ನೀವಾಗಿಯೇ ಹೇಳಿ. ಮುಖ್ಯವಾಗಿ, ನಿಮ್ಮ ಕೆಲಸದ ಬಗ್ಗೆ ನೀವೇ ಉತ್ತರಿಸಿ.

ಇನ್ನು ನಿಮ್ಮ ಮಗ. ಅವನು ಸಾಮಾನ್ಯವಾಗಿ ವಾಸವಿರುವುದು ಬೆಂಗಳೂರಿನಲ್ಲಾದ್ದರಿಂದ ಅವನ ಲೆಕ್ಕ ಅಲ್ಲಿ ಆಗಬೇಕು. ಊರಿನ ಮನೆಯಲ್ಲಿ ಬರೆಸಿದರೆ ಎರಡು ಸಲ ಎಣಿಸಿದಂತಾಗುತ್ತದೆ. ಅವನ ವೃತ್ತಿಯ ಸಂಕೇತ ನನ್ನಂಥವರಿಗೂ ಚರ್ಚೆಯ ವಿಷಯ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮೋಟರ್ ಸೈಕಲ್ ಮೇಲೆ ಸರಕು, ಪ್ರಯಾಣಿಕರನ್ನು ಸಾಗಿಸುವ ಚಾಲಕರಿಗೆ 8321 ಇದೆ, ಪೊಟ್ಟಣ ತಲುಪಿಸುವವರಿಗೆ 9621 ಇದೆ. ಮೊದಲನೆಯದು ಯಂತ್ರ ನಡೆಸುವವರ ವಿಭಾಗ, ಎರಡನೆಯದು ಸರಳ ಕೆಲಸಗಳ ವಿಭಾಗ. ಬೈಕ್ ಓಡಿಸುವುದು ಅವನ ಕೆಲಸವೋ, ಪೊಟ್ಟಣ ಕೊಡುವುದು ಅವನ ಕೆಲಸವೋ ಎಂಬುದರ ಮೇಲೆ ಅವನ ಕೌಶಲದ ಮೆಟ್ಟಿಲೇ ಬದಲಾಗುತ್ತದೆ. ಆದ್ದರಿಂದ ‘ಡೆಲಿವರಿ’ ಎಂದು ಬಿಡದೆ ‘ಸ್ವಂತ ಬೈಕಿನಲ್ಲಿ ಹೋಟೆಲಿನಿಂದ ಮನೆಗಳಿಗೆ ಊಟ ತಲುಪಿಸುತ್ತೇನೆ’ ಎಂದು ಪೂರ್ತಿ ಹೇಳಲಿ. ಸ್ಥಾನಮಾನ ಇನ್ನೂ ಕಷ್ಟ. 2011ರ ನಮೂನೆಯಲ್ಲಿ ಇದ್ದದ್ದು ಮಾಲೀಕ, ನೌಕರ, ಒಂಟಿ ಕೆಲಸಗಾರ, ಕುಟುಂಬ ಕೆಲಸಗಾರ ಎಂಬ ನಾಲ್ಕೇ. ಕಂಪನಿ ಅವನನ್ನು ‘ಪಾಲುದಾರ’ ಎನ್ನುತ್ತದೆ, ಆದರೆ ದರವನ್ನು ಕಂಪನಿಯೇ ಗೊತ್ತು ಮಾಡುತ್ತದೆ. ಅವನು ಯಾರ ಬಳಿ, ಯಾವ ಷರತ್ತಿನ ಮೇಲೆ, ಬೈಕು ಮತ್ತು ಪೆಟ್ರೋಲು ಯಾರದು ಎಂಬುದನ್ನು ಹೇಳಿದರೆ ಗಣತಿದಾರರು ತೀರ್ಮಾನಿಸಬಹುದು. ಇಂಥ ಲಕ್ಷಾಂತರ ಹುಡುಗರಿಗೆ ನಮ್ಮ ಹಳೆಯ ನಾಲ್ಕು ಖಾನೆಗಳು ಸಾಲವು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂದು ಭಯವನ್ನು ನಿವಾರಿಸಬೇಕು. ‘ಇತರೆ’ ಎಂದು ಬರೆಸಿದರೆ ಪಹಣಿಗೆ, ಬೆಳೆ ವಿಮೆಗೆ, ಸೊಸೈಟಿಯ ಸಾಲಕ್ಕೆ ತೊಂದರೆಯೇ ಎಂದು ಅನೇಕರು ಕೇಳುತ್ತಾರೆ. ಇಲ್ಲ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ನಿಮ್ಮ ಉತ್ತರಗಳನ್ನು ಯಾರೂ ತೆರೆದು ನೋಡುವಂತಿಲ್ಲ, ಅವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಯಾವ ತೆರಿಗೆ ಅಧಿಕಾರಿಗೂ, ಬ್ಯಾಂಕಿಗೂ ಅದು ಹೋಗುವುದಿಲ್ಲ. ಆದ್ದರಿಂದ ‘ರೈತ’ ಎಂದೇ ಬರೆಯಿರಿ ಎಂದು ಗಣತಿದಾರರೊಡನೆ ವಾದಕ್ಕೆ ನಿಲ್ಲಬೇಡಿ. ಗುಂಪು ಅವರ ಪಾಲಿಗೆ ಇರಲಿ, ‘ಅಡಿಕೆ ಬೆಳೆಗಾರ, ಸ್ವಂತ ತೋಟ’ ಎಂಬ ಮಾತನ್ನು ವೃತ್ತಿಯ ಜಾಗದಲ್ಲಿ ಬರೆಯುವಂತೆ ನೋಡಿಕೊಳ್ಳಿ. ಈ ಬಾರಿ ಗಣತಿದಾರರು ಮೊಬೈಲ್‌ನಲ್ಲಿ ದಾಖಲಿಸುತ್ತಾರೆ, ಬೇಕಾದವರು ತಾವೇ ತುಂಬುವ ಅವಕಾಶವೂ ಇದೆ. ಎಣಿಕೆಯ ಉಲ್ಲೇಖ ದಿನ 2027ರ ಮಾರ್ಚ್ 1. ಅಂದರೆ ಅದಕ್ಕೆ ಹಿಂದಿನ ಸುಗ್ಗಿಯ ಕೆಲಸ ಇನ್ನೂ ಕೈಯಲ್ಲಿ ಹಸಿಯಾಗಿರುವ ಹೊತ್ತು.

ಉಳಿದವರು ನಿಮ್ಮ ಅತ್ತೆಯವರು. ‘ಎಪ್ಪತ್ತೆಂಟು ವರ್ಷ, ಅವಲಂಬಿತರು’ ಎಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ಅವರು ಎರಡು ತಿಂಗಳು ಅಡಿಕೆ ಸುಲಿದಿದ್ದರೆ ಅವರು ಮೂರು ತಿಂಗಳಿಗಿಂತ ಕಡಿಮೆ ದುಡಿದ ಅಲ್ಪಾವಧಿ ಕೆಲಸಗಾರ್ತಿ. ಅವಲಂಬಿತರು ಎಂಬುದು ಅದರ ಜೊತೆಗೆ, ಬೇರೆ ಪ್ರಶ್ನೆಗೆ ಬರುವ ಉತ್ತರ. 2011ರ ನಮೂನೆಯಲ್ಲಿ ಅಲ್ಪಾವಧಿಯವರಿಗೆ ಎರಡೂ ಪ್ರಶ್ನೆಗಳಿದ್ದವು. ಗಣತಿದಾರರು ಬಂದ ದಿನ ಅವರನ್ನೂ ಜಗುಲಿಗೆ ಕರೆದು ಕೂರಿಸಿ, ಎಷ್ಟು ದಿನ ಸುಲಿದಿರಿ ಎಂದು ಅವರನ್ನೇ ಕೇಳಲು ಹೇಳಿ. ದಿನಕ್ಕೆ ಎಷ್ಟು ಡಬ್ಬ ಎಂಬುದೂ ಅವರಿಗೆ ನೆನಪಿರುತ್ತದೆ.